ಹಿಚುಕಿ ನೋಡೋ ಕೈಗೂ ಒಂದು ಅಳತಿ ಬ್ಯಾಡೇನು?

ರಾಣೇಬೆನ್ನೂರಿನ ನಮ್ಮ ದೊಡ್ಡ ವೈನಿ ಹೋದ ವಾರ ಮನಿಮಂದಿ ವಾಟ್ಸಾಪಿನ್ಯಾಗ ಒಂದು ಮಾತು ಹಾಕಿದ್ರು. "ಪಡಸಾಲಿ ಮೂಲಿಯಾಗಿನ ಆ ಗುಜರಿ ಕಂಪ್ಯೂಟರ್ ತೂಕಕ್ಕ ಹಾಕಿ ನಾಕು ಸ್ಟೀಲಿನ ಡಬ್ಬಿ ತಗೋಳ್ರಿ. ಮೆಣಸಿನಕಾಯಿ ಒಣಗೇತೋ ಇಲ್ಲೋ ಅನ್ನೋದಕ್ಕ ಕಂಪ್ಯೂಟರ್ ಬೇಕೇನು? ನಮ್ಮತ್ತಿ ಕೈಯಾಗ ಹಿಡದು ಹೇಳತಿದ್ರು." ಅದರ ಕೆಳಗ ನಗೋ ಮಾರಿಗಳ ಸಾಲು. ಹಾವೇರಿ ತಂಗಿ ಒಬ್ಬಾಕಿ ಬಿಟ್ಟು ಎಲ್ಲಾರೂ ನಕ್ಕಾರ. ನಗ್ರಿ, ನಗೋದಕ್ಕ ರೊಕ್ಕ ಕೊಡಬೇಕಿಲ್ಲ. ಆದ್ರ ವೈನಿ, ನೀವು ಹಾಕಿದ್ದು ಪ್ರಶ್ನಿ ಅಲ್ಲ, ತೀರ್ಪು. ಆ ತೀರ್ಪು ನಾ ಒಪ್ಪಂಗಿಲ್ಲ. ಯಾಕ ಒಪ್ಪಂಗಿಲ್ಲ ಅನ್ನೋದು ಎರಡು ಸಾಲಿನ್ಯಾಗ ಮುಗಿಯೂ ಮಾತಲ್ಲ, ಅದಕ್ಕ ಇಲ್ಲಿ ಬರೀತೀನಿ.

ಮೊದಲ ಅತ್ತಿಯವರ ಕೈ ವಿಷಯ. ಆ ಕೈ ಸುಳ್ಳು ಅಂತ ನಾ ಎಂದೂ ಅನ್ನಂಗಿಲ್ಲ. ಕಾಯಿ ಕಿವಿ ಹತ್ರ ಹಿಡದು ಅಲುಗಿಸಿ ಬೀಜದ ಸಪ್ಪಳ ಕೇಳಿ, ತೊಟ್ಟು ಮುರದು ನೋಡಿ, "ಇನ್ನೊಂದು ಬಿಸಲು ಬೇಕು" ಅಂತಿದ್ರು. ವರ್ಷದ ಖಾರದ ಡಬ್ಬಿಗೆ ಒಮ್ಮೆನೂ ಬೂಸ್ಟು ಬಂದಿಲ್ಲ. ಆದ್ರ ಅವರ ಕೈ ಅವರ ಡಬ್ಬಿಗೆ ಸಾಕಾಗತಿತ್ತು. ಪ್ಯಾಟಿಗೆ ಹೋದ ಮ್ಯಾಲ ಮಾತಾಡೋದು ಅತ್ತಿಯವರ ಕೈ ಅಲ್ಲ, ಖರೀದಿ ಮಾಡೋರ ಕೈ. ಅವರು ಚೀಲಕ್ಕ ಕೈ ಹಾಕಿ ಒಂದು ಹಿಡಿ ಹಿಚುಕಿ "ಹಸಿ ಐತಿ" ಅಂದ್ರ ಮುಗೀತು. ನಮ್ಮ ಕೈ ಒಣಗೇತಿ ಅಂತೈತಿ, ಅವರ ಕೈ ಹಸಿ ಅಂತೈತಿ. ಎರಡು ಕೈ ನಡುವ ಪಂಚಾಯ್ತಿ ಮಾಡೋರು ಯಾರು? ರೊಕ್ಕ ಯಾರ ಕೈಯಾಗ ಇರತೈತೋ ಅವರ ಕೈ ಗೆಲ್ಲತೈತಿ.

ಇನ್ನೊಂದು ಮಾತು. ಕೈಗೆ ಹತ್ತೋದು ಕಾಯಿ ಮ್ಯಾಲಿನ ಸಿಪ್ಪಿ ಅಷ್ಟ. ನೀರು ಕಡೀಕ ಉಳಿಯೋದು ತೊಟ್ಟಿನ ಬುಡದಾಗ, ಬೀಜ ಹಿಡಕೊಂಡಿರೋ ಒಳಗಿನ ಬಿಳಿ ತಿರುಳಿನ್ಯಾಗ. ಕಡ್ಡಿ ಮೆಣಸಿನಕಾಯಿ ಉದ್ದ, ತೆಳ್ಳಗ, ಲಗೂನ ಒಣಗತೈತಿ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಅದರ ಸಿಪ್ಪಿ ಗರಿಗರಿ ಅಂದ್ರೂ ಹೊಟ್ಟಿ ಹಸಿ ಇರಬಹುದು. ಮತ್ತ ಇಬ್ಬನಿ ಬಿದ್ದ ಮುಂಜಾನಿ ಆರಕ್ಕ ಮುಟ್ಟಿದ್ರ ಮೆತ್ತಗ ಆಗಿರೋ ಕಾಯಿ ಮಧ್ಯಾಹ್ನ ಎರಡಕ್ಕ ಚಟಚಟ ಮುರೀತೈತಿ. ಒಳಗಿನ ನೀರು ಹೆಚ್ಚೂಕಡಿಮಿ ಅಷ್ಟ ಇರತೈತಿ, ಬದಲಾಗಿದ್ದು ಸಿಪ್ಪಿ. ಅಂದಮ್ಯಾಲ ಮುಂಜಾನಿ ನೋಡೋರಿಗೆ ಒಂದು ದರ, ಮಧ್ಯಾಹ್ನ ನೋಡೋರಿಗೆ ಇನ್ನೊಂದು ದರ ಆಗಬೇಕೇನು?

ಈಗ ಲೆಕ್ಕ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಹಿಂದ ಬರಕೊಂಡು ನೋಡ್ರಿ. ನೂರು ಕೆಜಿ ಕಾಯಿಯೊಳಗ ಹದಿನೈದು ಕೆಜಿ ನೀರು ಐತಿ ಅಂತ ಹಿಡೀರಿ, ಅಂದ್ರ ಒಣ ಸರಕು 85 ಕೆಜಿ. ಅದನ್ನ ಶೇಕಡಾ 10ರ ತನಕ ಒಣಗಿಸಿದ್ರ ತೂಕ ಸುಮಾರು 94.4 ಕೆಜಿ ಆಗತೈತಿ. ಅಂದ್ರ ನ್ಯಾಯವಾಗಿ ಹೋಗಬೇಕಾದ್ದು ಕ್ವಿಂಟಲಿಗೆ ಐದೂವರಿ ಕೆಜಿ ಮ್ಯಾಲ ಒಂದಿಷ್ಟು. ಒಂದು ಸರತಿ ಒಬ್ಬ ಖರೀದಿದಾರ ನಮ್ಮ ಚೀಲ ಹಿಚುಕಿ ನೋಡಿ ಕ್ವಿಂಟಲಿಗೆ ಎಂಟು ಕೆಜಿ ಮುರಕೊಂಡ. ನಮ್ಮನಿಯವರು "ಯಾಕ್ರಿ ಎಂಟು?" ಅಂದ್ರು. "ಹಸಿ ಐತಲ್ಲ" ಅಂದ. ಎಷ್ಟು ಹಸಿ? ಅದಕ್ಕ ಉತ್ತರ ಅವನ ಹತ್ರನೂ ಇರಲಿಲ್ಲ, ನಮ್ಮ ಹತ್ರನೂ ಇರಲಿಲ್ಲ. ಅವಂಗ ಬೇಕಾಗಿರಲಿಲ್ಲ. ನಮಗ ಬೇಕಾಗಿತ್ತು.

ಇದು ಒಂದು ಕಡಿ. ಇನ್ನೊಂದು ಕಡಿ ಯಾರೂ ಮಾತಾಡಂಗಿಲ್ಲ, ಯಾಕಂದ್ರ ಅದು ನಮ್ಮ ಹೆಣಮಕ್ಕಳ ಪಾಲಿನದು. ಹಸಿ ಅಂತ ಮುರಕೋತಾರ ಅನ್ನೋ ಅಂಜಿಕಿಗೆ ನಾವು ಕಾಯಿ ಕಾಯಸತೀವಿ, ಕಾಯಸತೀವಿ, ತಾಡಪತ್ರಿ ಮ್ಯಾಲ ಇನ್ನೆರಡು ದಿನ ಬಿಡತೀವಿ. ಶೇಕಡಾ 10ಕ್ಕ ನಿಲ್ಲಬೇಕಾದ್ದು 8ಕ್ಕ ಇಳೀತೈತಿ. ಅದ ಕಾಯಿ ಈಗ 94.4 ಅಲ್ಲ, 92.4 ಕೆಜಿ. ಕ್ವಿಂಟಲಿಗೆ 20 ಸಾವಿರ ದರ ಅಂತ ಹಿಡದ್ರ ನಾಕನೂರು ರೂಪಾಯಿ ಬಿಸಲಿಗೆ ಹಾರಿ ಹೋತು. ಅದರ ಮ್ಯಾಲ ಬಣ್ಣ ಮಾಸತೈತಿ, ಕಾಯಿ ಒಡೀತೈತಿ, ಬೀಜ ಉದರತೈತಿ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿದ್ದ ಬಣ್ಣಕ್ಕ. 2011ರಾಗ ಜಿಐ ಗುರುತು ಸಿಕ್ಕಿದ್ದು, ಓಲಿಯೋರೆಸಿನ್ ತಗದು ತುಟಿಬಣ್ಣಕ್ಕ, ಉಗುರಬಣ್ಣಕ್ಕ ಹಾಕೋದು, ಎಲ್ಲಾ ಆ ಕೆಂಪಿನ ಮ್ಯಾಲ ನಿಂತೈತಿ. ಆ ಕೆಂಪನ್ನ ನಾವು ಅಂಜಿಕಿಗೆ ಸುಡಾಕತ್ತೀವಿ. ಬೆನ್ನು ಬಗ್ಗಿಸಿ ದಿನಕ್ಕ ನಾಕು ಸರತಿ ಕಾಯಿ ಹೊರಳಸಾಕಿ ನೀವು, ನಾನು. ಎರಡು ದಿನ ಜಾಸ್ತಿ ಅಂದ್ರ ಎಂಟು ಸರತಿ ಜಾಸ್ತಿ ಬಗ್ಗೋದು. ಅದಕ್ಕ ಯಾರೂ ಪಗಾರ ಕೊಡಂಗಿಲ್ಲ.

"ಹಂಗಾರ ಒಂದು ಮೀಟರ್ ಕೊಂಡು ತರ್ರಿ" ಅಂತ ಗುಂಪಿನ್ಯಾಗ ಇನ್ನೊಬ್ಬರು ಬರದಾರ. ತಂದಿದ್ವಿ. ನೆರೆಮನಿಯವರು ಆನ್‌ಲೈನ್‌ನ್ಯಾಗ ತರಿಸಿದ್ದು, ಎರಡು ಮುಳ್ಳು ಇರೋದು. ಅದು ಕಟಗಿ ತೇವ ಅಳಿಯೋ ಮೀಟರ್. ಮೆಣಸಿನಕಾಯಿಗೆ ಚುಚ್ಚಿದ್ರ ಏನೋ ಒಂದು ಸಂಖ್ಯೆ ತೋರಸತೈತಿ, ಆದ್ರ ಅದು ತೇಗದ ಹಲಗಿ ಲೆಕ್ಕದ ಸಂಖ್ಯೆ. ಕಾಳಿನ ಮೀಟರೂ ಅದ ಹಣೇಬಾರ, ಗೋಧಿ, ಭತ್ತ, ಮೆಕ್ಕಿಜೋಳಕ್ಕ ಲೆಕ್ಕ ಕೂಡಿಸಿಟ್ಟಿರತಾರ. ಟೊಳ್ಳು ಹೊಟ್ಟಿ ಮೆಣಸಿನಕಾಯಿ ಹಾಕಿದ್ರ ಅದಕ್ಕೇನು ತಿಳೀಬೇಕು? ತುಟ್ಟಿ ಮೀಟರಿನ್ಯಾಗ ಮಸಾಲಿ ಪದಾರ್ಥದ ಲೆಕ್ಕನೂ ಇರಬಹುದು. ಆದ್ರ ಅದು ಮುಚ್ಚಿದ ಡಬ್ಬಿ. ಒಳಗ ಯಾವ ಲೆಕ್ಕ ಹಾಕ್ಯಾರ, ನಮ್ಮ ಡಬ್ಬಿ ಕಾಯಿಗೆ ಹೊಂದತೈತೋ ಇಲ್ಲೋ, ಎರಡು ವರ್ಷಕ್ಕ ಅದು ಅಡ್ಡಾದಿಡ್ಡಿ ಆದ್ರ ನಮಗ ಹೆಂಗ ಗೊತ್ತಾಗಬೇಕು? ಹಿಚುಕೋ ಕೈ ನಂಬೋ ಬದಲಿ ಪ್ಲಾಸ್ಟಿಕ್ ಡಬ್ಬಿ ನಂಬಿದಂಗ ಆತು. ನನ್ನ ಜಗಳ ಇರೋದ ಇಲ್ಲಿ. ಅಳತಿ ನಮ್ಮ ಮನಿಯಾಗ ಇರಬೇಕು, ಮತ್ತ ಅದರ ಹೊಟ್ಟಿ ತಗದು ನೋಡಾಕ ಬರಬೇಕು.

ಈಗ ಆ ಗುಜರಿ ಏನು ಅಂತ ಹೇಳತೀನಿ. ಕಂಪ್ಯೂಟರಿಗೆ ಗೊತ್ತಿರೋದು ಎಣಿಕಿ ಒಂದ. ಬಿಸಿ, ತಂಪು, ಹಸಿ, ಒಣ ಅದಕ್ಕ ತಿಳಿಯಂಗಿಲ್ಲ. ಬಿಸಿಗೆ ತಕ್ಕಂಗ ವೋಲ್ಟು ಕೊಡೋ ಸಣ್ಣ ಸಾಮಾನು ಅದಾವ. ಎಲ್‌ಎಂ-35 ಅನ್ನೋದು ಮೂರು ಕಾಲಿನದು, ಒಂದು ಡಿಗ್ರಿಗೆ ಹತ್ತು ಮಿಲಿವೋಲ್ಟು. ಮೂವತ್ತು ಡಿಗ್ರಿ ಇದ್ರ ಮುನ್ನೂರು ಮಿಲಿವೋಲ್ಟು, ಇಷ್ಟ ಅದರ ಭಾಷಿ. ಆ ವೋಲ್ಟನ್ನ ಎಣಿಕಿ ಮಾಡಿ ಕಂಪ್ಯೂಟರಿಗೆ ಹೇಳೋ ಹಲಗಿಗೆ ಡೇಟಾ ಅಕ್ವಿಸಿಷನ್ ಕಾರ್ಡ್ ಅಂತಾರ. ನಮ್ಮದು ತೈವಾನಿನ ಅಡ್ವಾಂಟೆಕ್ ಕಂಪನಿ ಮಾಡಿದ್ದು, ಪಿಸಿಎಲ್-812ಪಿಜಿ. ಹಿಂದಕ ಕಾರ್ಖಾನಿ, ಕಾಲೇಜು ಲ್ಯಾಬಿನ್ಯಾಗ ಇಂಥವು ಭಾಳ ಇದ್ದವು. ಅವನ್ನ ಚುಚ್ಚೋ ಐಎಸ್‌ಎ ಅನ್ನೋ ಉದ್ದನ್ನ ಕರೇ ಸಂದು ಹೊಸಾ ಕಂಪ್ಯೂಟರಿನ್ಯಾಗ ಇಲ್ಲ, ಅದಕ್ಕ ಎಲ್ಲಾರೂ ಗುಜರಿಗೆ ಹಾಕಿದ್ರು. ನಮ್ಮ ಮೈದುನ ಒಂದು ಕಾಲೇಜಿನ ಹಳೇ ಸಾಮಾನು ಲಿಲಾವಿನ್ಯಾಗ ಕಾರ್ಡೂ, ಅದು ಕುಂದ್ರೋ ಪೆಂಟಿಯಂ ಕಂಪ್ಯೂಟರೂ ಕೂಡೇ ತಂದ. ಕೊಟ್ಟ ರೊಕ್ಕ ವೈನಿ ಹೇಳಿದ ಸ್ಟೀಲಿನ ಡಬ್ಬಿಗಿಂತ ಕಡಿಮಿ.

ಅದಕ್ಕ ಹದಿನಾರು ಬಾಯಿ ಅದಾವ, ಅಂದ್ರ ಹದಿನಾರು ಕಡಿಯಿಂದ ವೋಲ್ಟು ತಗೋಬಹುದು. ಹತ್ತು ವೋಲ್ಟಿನ ಅಂತರನ 4096 ಮೆಟ್ಟಲಾ ಮಾಡಿ ಎಣಸತೈತಿ. ಒಂದು ಮೆಟ್ಟಲಿಗೆ ಸುಮಾರು 2.4 ಮಿಲಿವೋಲ್ಟು, ಅಂದ್ರ ಕಾಲು ಡಿಗ್ರಿ. ಬೇಕಂದ್ರ ಒಳಗ ಹಿಗ್ಗಿಸಿ ಇನ್ನೂ ಸಣ್ಣ ಮೆಟ್ಟಲು ಮಾಡಿಕೋಬಹುದು. ಎಂಟು ಎಲ್‌ಎಂ-35ಗಳನ್ನ ಉದ್ದನ್ನ ವೈರಿಗೆ ಸಾಲ್ಡರ್ ಹಾಕಿ, ಕೂಡಿದ ಜಾಗಕ್ಕ ತೋಳು ಏರಿಸಿ ಕಾಯಿ ಗುಡ್ಡಿಯೊಳಗ ಅಲ್ಲಲ್ಲಿ ಹುಗದ್ವಿ. ಹಸಿ ಕಾಯಿ ಗುಡ್ಡಿ ಹಾಕಿದ್ರ ಒಳಗ ಬೆಚ್ಚಗ ಆಗತೈತಿ ಅಂತ ನಿಮಗೆಲ್ಲಾ ಗೊತ್ತು, ಕೈ ತೂರಿಸಿದ್ರ ತಿಳೀತೈತಿ. ಆದ್ರ ರಾತ್ರಿ ಎರಡಕ್ಕ ಕೈ ತೂರಿಸೋರು ಯಾರು? ಕಾರ್ಡು ಮಲಗಂಗಿಲ್ಲ. ಮುಂಜಾನೆದ್ದು ನೋಡಿದ್ರ ನಡುವಿನದು ಏರೇತಿ, ಅಂಚಿನದು ಇಳದೈತಿ, ಯಾವ ಕಡಿ ಬಿಚ್ಚಿ ಹರಡಬೇಕು ಅಂತ ಸಾಲು ಸಾಲಾಗಿ ಬರದಿಟ್ಟಿರತೈತಿ.

ತೇವ ಅಳಿಯೋದು ಇದಕ್ಕಿಂತ ತ್ರಾಸು, ಅದಕ್ಕ ಅದನ್ನ ಸಾವಕಾಶ ಹೇಳತೀನಿ. ಒಣ ಪದಾರ್ಥದೊಳಗ ಕರೆಂಟು ಸರಾಗ ಹರಿಯಂಗಿಲ್ಲ, ನೀರು ಹೆಚ್ಚಾದಂಗ ಹರೀತೈತಿ. ಕಟಗಿ ಮೀಟರಿನ ಗುಟ್ಟೂ ಇದ. ಕಾಯಿ ಇಡೀದಾಗಿ ಚುಚ್ಚಿದ್ರ ಒಂದೊಂದು ಸರತಿ ಒಂದೊಂದು ಬರತೈತಿ, ಹೊಟ್ಟಿ ಟೊಳ್ಳಲ್ಲ, ಅದಕ್ಕ. ಹಂಗಾಗಿ ನಾವು ಕಾಯಿನ್ನ ತೊಟ್ಟು, ಬೀಜ ಸಮೇತ ಕುಟ್ಟಿ, ಪಿವಿಸಿ ಪೈಪಿನ ಬೆರಳುದ್ದ ತುಂಡಿನ್ಯಾಗ ತುಂಬತೀವಿ. ಎರಡೂ ತುದಿಗೆ ಸ್ಟೀಲಿನ ಬೋಲ್ಟು, ಮ್ಯಾಲ ಯಾವಾಗಲೂ ಅದ ಐದು ಕೆಜಿ ತೂಕದ ಕಲ್ಲು. ಒತ್ತೋ ಭಾರ ಬದಲಾದ್ರ ಸಂಖ್ಯೆ ಬದಲಾಗತೈತಿ, ಅದಕ್ಕ ಕಲ್ಲು ಬದಲಿ ಮಾಡೂಹಂಗಿಲ್ಲ. ಒಂಬತ್ತು ವೋಲ್ಟಿನ ಸಣ್ಣ ಬ್ಯಾಟರಿಯಿಂದ ಪುಡಿಯೊಳಗ ಕರೆಂಟು ಬಿಟ್ಟು, ಹತ್ತು ಮೆಗಾಓಮಿನ ಒಂದು ರೆಸಿಸ್ಟರಿನ ಸರಪಳಿಗೆ ಜೋಡಿಸಿ, ಅದರ ಮ್ಯಾಲ ಎಷ್ಟು ವೋಲ್ಟು ಬಿತ್ತು ಅಂತ ನೋಡೋದು. ನಡುವ ಟಿಎಲ್-072 ಅನ್ನೋ ಎಂಟು ಕಾಲಿನ ಐಸಿ ಬೇಕ ಬೇಕು. ಯಾಕಂದ್ರ ಇಲ್ಲಿ ಹರಿಯೋ ಕರೆಂಟು ಹನಿ ಹನಿ, ಕಾರ್ಡಿಗೆ ನೇರ ಕೊಟ್ರ ಅದ ಕುಡದು ಬಿಡತೈತಿ. ಹಾಲು ಅಳಿಯೋ ಲೋಟನ ಹಾಲು ಹೀರಿದ್ರ ಅಳತಿ ಎಲ್ಲಿಂದ ಬರಬೇಕು?

ಪುಡಿ ಬೆಚ್ಚಗಿದ್ರೂ ಕರೆಂಟು ಜಾಸ್ತಿ ಹರೀತೈತಿ. ಅಂದ್ರ ಬಿಸಲಿನಿಂದ ತಂದ ಕೂಡಲೇ ಅಳದ್ರ "ಹಸಿ" ಅಂತ ಸುಳ್ಳು ಹೇಳತೈತಿ. ಅದಕ್ಕ ಪೈಪಿನ ಪಕ್ಕ ಒಂದು ಎಲ್‌ಎಂ-35 ಕಟ್ಟೇವಿ, ಬಿಸಿ ಎಷ್ಟಿದ್ರ ಎಷ್ಟು ಕಳೀಬೇಕು ಅನ್ನೋ ಪಟ್ಟಿ ಬ್ಯಾರೆ ಐತಿ. ಇನ್ನೊಂದು ಪೀಡಾ ಅಂದ್ರ ಮನಿ ಕರೆಂಟಿನ ಗುಂಯ್ ಅನ್ನೋದು. ಸೆಕೆಂಡಿಗೆ ಐವತ್ತು ಸರತಿ ಅಲುಗಾಡೋ ಆ ಕರೆಂಟು ವೈರಿನ್ಯಾಗ ಕಳ್ಳನಂಗ ಹೊಕ್ಕೋತೈತಿ. ಮಿಕ್ಸರ್ ಹಚ್ಚಿದ್ರ ಸಂಖ್ಯೆ ಕುಣೀತೈತಿ. ಅದಕ್ಕ ವೈರಿಗೆ ಜಾಳಗಿ ಹೊದಿಕಿ ಇರೋದು ಹಾಕಿದ್ವಿ. ಮತ್ತ ಒಂದ ಸರತಿ ನೋಡೂ ಬದಲಿ, ಗುಂಯ್ ಒಂದು ಸುತ್ತು ಹೊಡಿಯೋ ಇಪ್ಪತ್ತು ಮಿಲಿಸೆಕೆಂಡಿನ್ಯಾಗ ನೂರು ಸರತಿ ನೋಡಿ ಸರಾಸರಿ ತಗೋತೀವಿ. ಏರಿದ್ದು ಇಳಿದ್ದು ಒಂದಕ್ಕೊಂದು ಹೊಡಕೊಂಡು ಹೋಗತೈತಿ. ಇದನ್ನ ಬರದಾಕಿ ಹಾವೇರಿ ತಂಗಿ ಮಗಳು, ಒಂಬತ್ತನೇತ್ತ. ಹಳೇ ಡಾಸ್‌ನ್ಯಾಗ ಕ್ಯೂಬೇಸಿಕ್, ಮೂವತ್ತು ಸಾಲು ಆಗಂಗಿಲ್ಲ. ಡಾಸ್ ಬ್ಯಾಡ ಅನ್ನೋರಿಗೆ ಲಿನಕ್ಸ್‌ನ್ಯಾಗ ಕಾಮೆಡಿ ಅನ್ನೋ ಹೆಸರಿನ ಡ್ರೈವರ್ ಐತಿ, ಈ ಕಾರ್ಡ್ ಅದಕ್ಕ ಗೊತ್ತು. ಹೆಸರು ಕೇಳಿ ನಗಾಕ ನಿಮಗ ಇನ್ನೊಂದು ಕಾರಣ ಸಿಕ್ಕಿತು, ತಗೋರಿ.

ಈಗ ಮುಖ್ಯ ಮಾತು. "ನೀವು ಮನಿಯಾಗ ಮಾಡಿದ್ದು ಖರೇ ಅನ್ನೋದಕ್ಕ ಏನು ಗ್ಯಾರಂಟಿ?" ಇದನ್ನ ಕೇಳಿದವರು ವೈನಿ ಅಲ್ಲ, ನಮ್ಮ ಮಾವನವರು, ಮತ್ತ ಅದು ಒಳ್ಳೇ ಪ್ರಶ್ನಿ. ಇದಕ್ಕ ಗ್ಯಾರಂಟಿ ಕಾರ್ಡ್ ಇಲ್ಲ, ನಮ್ಮ ಅಡಿಗಿಮನಿ ಐತಿ. ಬಿಸಿ ಅಳಿಯೋದನ್ನ ಕರಗೋ ಬರ್ಫಿನ್ಯಾಗ ಇಟ್ರ ಸೊನ್ನಿ ತೋರಸಬೇಕು. ಕುದಿಯೋ ನೀರಿನ್ಯಾಗ ಇಟ್ರ ನೂರಲ್ಲ, 98 ತೋರಸಬೇಕು. ಶಾಲಿ ಪುಸ್ತಕದಾಗ ನೂರು ಅಂತ ಐತಿ, ಅದು ಸಮುದ್ರದ ಮಟ್ಟದ ಮಾತು. ಹಾವೇರಿ ಸುಮಾರು 570 ಮೀಟರ್ ಎತ್ತರ, ರಾಣೇಬೆನ್ನೂರು ಇನ್ನಷ್ಟು ಮ್ಯಾಲ. ನಮ್ಮ ಕಡಿ ನೀರು 98ರ ಆಸುಪಾಸು ಕುದೀತೈತಿ. ನಮ್ಮ ಊರಿನ್ಯಾಗ ಕುದಿಯೋ ನೀರಿಗೆ ಮೀಟರ್ ಸರಿಯಾಗಿ ನೂರು ತೋರಿಸಿದ್ರ, ಆ ಮೀಟರ್ ನಂಬಬ್ಯಾಡ್ರಿ.

ತೇವಕ್ಕ ಸಾಕ್ಷಿ ತಕ್ಕಡಿ. ಬಂಗಾರದಂಗಡಿಯವರಂಥ ಸಣ್ಣ ಡಿಜಿಟಲ್ ತಕ್ಕಡಿಯೊಳಗ ಕುಟ್ಟಿದ ಕಾಯಿ ಸರಿಯಾಗಿ ಹತ್ತು ಗ್ರಾಂ ತೂಗಿ, ಓಟಿಜಿ ಒಲಿಯೊಳಗ 105 ಡಿಗ್ರಿಗೆ ಇಟ್ಟು, ತೂಕ ಇಳಿಯೋದು ನಿಂತ ಮ್ಯಾಲ ಮತ್ತ ತೂಗೋದು. 8.8 ಗ್ರಾಂ ಉಳೀತಂದ್ರ ನೀರು ಶೇಕಡಾ 12. ಆಗ ಪೈಪಿನ ಸಂಖ್ಯೆ ಎಷ್ಟಿತ್ತು ಅಂತ ಪಕ್ಕದಾಗ ಬರಕೋಬೇಕು. ಇಂಥವು ಬಿಸಿಲು, ಮೋಡ, ಡಬ್ಬಿ, ಕಡ್ಡಿ ಅಂತ ನಲವತ್ತು ಬರದೇವಿ. ಗ್ರಾಫ್ ಹಾಳಿ ಮ್ಯಾಲ ಚುಕ್ಕಿ ಇಟ್ಟು ಗೀಟು ಎಳದೇವಿ. ಡಬ್ಬಿಗೆ ಒಂದು ಗೀಟು, ಕಡ್ಡಿಗೆ ಇನ್ನೊಂದು. ಒಲಿಯೊಳಗ ನೀರಿನ ಕೂಡ ಒಂದಿಷ್ಟು ಘಾಟಿನ ಎಣ್ಣಿನೂ ಹಾರಿ ಹೋಗತೈತಿ, ಹಂಗಾಗಿ ನಮ್ಮದು ತುಸು ಜಾಸ್ತಿ ತೋರಸತೈತಿ. ಖರೇ ಲ್ಯಾಬಿನ್ಯಾಗ ಟೊಲ್ವೀನ್ ಹಾಕಿ ಕುದಿಸಿ ನೀರು ಬ್ಯಾರೆ ತಗದು ಅಳೀತಾರ. ಅದು ಮನಿಯಾಗ ಮಾಡೂ ಕೆಲಸ ಅಲ್ಲ, ಮಾಡಬಾರದು. ಒಂದು ಶೇಕಡಾ ಆಕಡಿ ಈಕಡಿ ನಮ್ಮದು ಬರತೈತಿ. ಹಿಚುಕೋ ಕೈ ಎಷ್ಟು ಶೇಕಡಾ ಆಕಡಿ ಈಕಡಿ? ಅದನ್ನ ಯಾರರ ಗೀಟು ಎಳದಾರೇನು?

ಆಹಾರ ಸುರಕ್ಷತಾ ನಿಯಮದಾಗ ಒಣ ಮೆಣಸಿನಕಾಯಿ ತೇವ ಶೇಕಡಾ 11 ದಾಟಬಾರದು ಅಂತ ಐತಿ. ಅದಕ್ಕಿಂತ ಹೆಚ್ಚು ಹಸಿ ಇಟ್ಟು ಚೀಲ ಹೊಲದ್ರ ಬೂಸ್ಟು ಏಳತೈತಿ, ಅದರೊಳಗ ಕೆಲವು ಜಾತಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡತಾವ. ಅದು ಲಿವರಿಗೆ ಹತ್ತೋದು, ಕುದಿಸಿದ್ರೂ ಹೋಗಂಗಿಲ್ಲ. ಮಾರೋ ಮಾತು ಬಿಡ್ರಿ, ನಮ್ಮ ಮಕ್ಕಳು ತಿನ್ನೋ ಖಾರದ ಡಬ್ಬಿ ಮಾತು ಇದು. ಅಂದ್ರ 11ಕ್ಕಿಂತ ಕೆಳಗ ಇರಬೇಕು, 10ಕ್ಕಿಂತ ಭಾಳ ಕೆಳಗ ಇಳೀಬಾರದು. ಬೆರಳಿನ ಅಗಲದಷ್ಟು ಜಾಗ. ಆ ಜಾಗದಾಗ ಕೈ ನಿಲ್ಲಿಸೋದು ಅತ್ತಿಯವರಂಥ ಸಾವಿರಕ್ಕೊಬ್ಬರಿಗೆ ಬಂದೀತು, ಮತ್ತ ಅವರು ಆ ಕೈ ನಮಗ್ಯಾರಿಗೂ ಬರದು ಕೊಟ್ಟು ಹೋಗಿಲ್ಲ.

"ಪ್ಯಾಟಿಯವರು ನಿಮ್ಮ ಡಬ್ಬಿ ಮಾತು ಒಪ್ಪತಾರೇನು?" ಒಪ್ಪಂಗಿಲ್ಲ. ಒಪ್ಪಬೇಕಂತ ಕಾಯ್ದೆನೂ ಇಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ವ್ಯಾಪಾರಕ್ಕ ಬಳಸೋ ತೂಕ, ಅಳತಿಗೆ ಸರ್ಕಾರದ ಮುದ್ರಿ ಬೇಕು. ನಮ್ಮ ಪಿವಿಸಿ ಪೈಪಿಗೆ ಯಾರೂ ಮುದ್ರಿ ಹೊಡಿಯಂಗಿಲ್ಲ, ಅದು ಸರಿ ಐತಿ. ನಾನೂ ಅದನ್ನ ತಲಿ ಮ್ಯಾಲ ಹೊತಗೊಂಡು ಪ್ಯಾಟಿಗೆ ಹೋಗ್ರಿ ಅನ್ನಾಕತ್ತಿಲ್ಲ. ಮನಿ ಬಿಡೂ ಮೊದಲ ನಮ್ಮ ಕಾಯಿ 10.5 ಐತಿ ಅಂತ ನಮಗ ಗೊತ್ತಿದ್ರ, "ಹಸಿ ಐತಿ" ಅಂದಾಗ ನಾವು ತಲಿ ತಗ್ಗಿಸಂಗಿಲ್ಲ. "ಹಂಗಾರ ನಿಮ್ಮ ಮುದ್ರಿ ಇರೋ ಮೀಟರ್ ತರ್ರಿ, ಎಲ್ಲಾರ ಮುಂದ ಅಳೀರಿ" ಅಂತ ಕೇಳತೀವಿ. ಹಂಗ ಕೇಳಾಕ ಧೈರ್ಯ ಸಾಲಂಗಿಲ್ಲ ವೈನಿ, ಗೊತ್ತಿರಬೇಕು. ಇನ್ನು ನಮ್ಮವರೂ ಎಲ್ಲಾರೂ ಸಾಚಾ ಅಲ್ಲ, ತೂಕಕ್ಕಂತ ಕಾಯಿ ಮ್ಯಾಲ ನೀರು ಚಿಮಕಸೋರು ನಮ್ಮ ಓಣಿಯಾಗ ಇಲ್ಲೇನು? ಅಳತಿ ಬಂದ್ರ ಅವರೂ ಸಿಗತಾರ. ಸಿಗಲಿ.

2024ರ ಮಾರ್ಚ್ 11, ಸೋಮವಾರ, ಬ್ಯಾಡಗಿ ಎಪಿಎಂಸಿಯೊಳಗ ದರ ಬಿತ್ತು ಅಂತ ಸಿಟ್ಟು ಎದ್ದು ಗಾಡಿಗಳಿಗೆ ಬೆಂಕಿ ಬಿದ್ದಿದ್ದು ನೀವೆಲ್ಲಾ ಟೀವಿಯಾಗ ನೋಡೀರಿ. ಮನಿಗೊಂದು ಮೀಟರ್ ಇದ್ದಿದ್ರ ಅದು ಆಗತಿರಲಿಲ್ಲ ಅಂತ ನಾ ಹೇಳಿದ್ರ ಹುಚ್ಚಿ ಆಗತೀನಿ. ದರ ಏರೋದು ಬೀಳೋದು ತೇವ ಒಂದರ ಮ್ಯಾಲ ನಿಂತಿಲ್ಲ, ಎಷ್ಟು ಲಕ್ಷ ಚೀಲ ಬಂತು, ಯಾವ ದೇಶ ಕೊಂಡಿತು, ಕೋಲ್ಡ್ ಸ್ಟೋರೇಜಿನ್ಯಾಗ ಹಳೇದು ಎಷ್ಟು ಕುಂತೈತಿ, ಎಲ್ಲಾ ಕೂಡತೈತಿ. ನಾ ಹೇಳೋದು ಇಷ್ಟ: ಆ ಕಡಿ ಮಂದಿ ಹತ್ರ ಅಳತಿ ಐತಿ. ಪರದೇಶಕ್ಕ ಕಳಸೋ ಕಂಪನಿಗಳು ಬಣ್ಣನ್ನ ಆಸ್ಟಾ ಅನ್ನೋ ಅಂಕಿಯಾಗ ಅಳೀತಾರ, ಅದು ಅಮೆರಿಕಾದ ಮಸಾಲಿ ವ್ಯಾಪಾರದ ಸಂಘದ ಅಳತಿ. ಪುಡಿನ್ನ ಅಸಿಟೋನಿನ್ಯಾಗ ನೆನೆಸಿ, ಬಂದ ಕೆಂಪು ನೀರಿನ್ಯಾಗ 460 ನ್ಯಾನೋಮೀಟರಿನ ನೀಲಿ ಬೆಳಕು ಹಾಯಿಸಿ, ಎಷ್ಟು ನುಂಗಿತು ಅಂತ ನೋಡತಾರ. ಅವರ ಲ್ಯಾಬಿನ್ಯಾಗ ಅಂಕಿ, ನಮ್ಮ ಕಣದಾಗ ಕಣ್ಣಂದಾಜು. ಆ ಅಳತಿನೂ ನಮ್ಮ ಕಾರ್ಡಿನಿಂದ ಮಾಡಬಹುದು, ಒಂದು ನೀಲಿ ಎಲ್‌ಇಡಿ, ಒಂದು ಫೋಟೊಡಯೋಡ್ ಸಾಕು ಅಂತ ಮೈದುನ ಕುಣೀತಾನ. ನಾ ಬ್ಯಾಡ ಅಂದೇನಿ. ಅಸಿಟೋನ್ ಒಲಿ ಹತ್ರ ಪೆಟ್ರೋಲ್ ಇದ್ದಂಗ. ನನ್ನ ಅಡಿಗಿಮನಿಯಾಗ ಅದಕ್ಕ ಜಾಗ ಇಲ್ಲ, ಮತ್ತ ಈ ವಿಷಯದಾಗ ಮೈದುನನ ಮಾತು ನಡಿಯಂಗಿಲ್ಲ.

"ಇದೆಲ್ಲಾ ಗಂಡಸರ ಕೆಲಸ, ನೀ ಯಾಕ ಸಾಲ್ಡರ್ ಹಿಡಕೊಂಡು ಕುಂದರತೀ" ಅನ್ನೋ ಮಾತೂ ಬಂದೈತಿ. ಶ್ಯಾವಿಗಿ ಹೊಸಿಯೋ ಬೆರಳಿಗೆ ಸಾಲ್ಡರ್ ಏನು ದೊಡ್ಡದು? ತಂತಿ ತುದಿ, ಕಾಲಿನ ತುದಿ ಎರಡೂ ಕಾಯಬೇಕು, ಆಮ್ಯಾಲ ತವರ ತಾನ ಹರೀತೈತಿ. ಮೈದುನ ಮಾಡಿದ ಎರಡು ಜೋಡಣಿ ಬಿಟ್ಟಾವ, ನಂದು ಒಂದೂ ಬಿಟ್ಟಿಲ್ಲ. ಹೆಣಮಕ್ಕಳು ಅಳತಿ ಸಾಮಾನು ಮಾಡೋದು ಹೊಸಾದಂತೂ ಅಲ್ಲ. ಅನ್ನಾ ಮಣಿ ಅಂತ ಇದ್ರು, 1918ರಾಗ ಕೇರಳದ ಪೀರ್ಮೇಡಿನ್ಯಾಗ ಹುಟ್ಟಿದವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯೊಳಗ ಸಿ.ವಿ. ರಾಮನ್ ಅವರ ಕೈಕೆಳಗ ವಜ್ರದ ಮ್ಯಾಲ ಕೆಲಸ ಮಾಡಿದ್ರು. ಎಂ.ಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್‌ಡಿ ಕೊಡಲಿಲ್ಲ. ಅವರು ಅಳಕೋಂತ ಕುಂದರಲಿಲ್ಲ, ಲಂಡನ್ನಿಗೆ ಹೋಗಿ ಹವಾಮಾನ ಅಳಿಯೋ ಉಪಕರಣ ಕಲತ್ರು. 1948ರಾಗ ತಿರುಗಿ ಬಂದು ಪುಣೆಯ ಹವಾಮಾನ ಇಲಾಖಿ ಸೇರಿದ್ರು. ಆಗ ಮಳಿ, ಗಾಳಿ, ಬಿಸಲು ಅಳಿಯೋ ಸಾಮಾನು ಹೊರದೇಶದಿಂದ ಬರತಿದ್ವು. ಸುಮಾರು ನೂರು ಉಪಕರಣದ ನಕ್ಷಾ ಕೂಡಿಸಿ, ಅವನ್ನ ಇಲ್ಲೇ ಮಾಡೂಹಂಗ ಮಾಡಿದ್ರು. ನಿವೃತ್ತಿ ಆದ ಮ್ಯಾಲೂ ಬೆಂಗಳೂರಿನ್ಯಾಗ ಗಾಳಿ, ಬಿಸಲು ಅಳಿಯೋ ಸಾಮಾನು ಮಾಡೂ ಕಾರ್ಖಾನಿ ನಡಿಸಿದ್ರು. ಕೊಂಡು ತಂದು ಓದಿದ್ರ ಆತಲ್ಲ ಅಂತ ಅವರಿಗೂ ಯಾರರ ಅಂದಿರಬೇಕು.

ಹಳೇದನ್ನ ಯಾಕ, ಐದುನೂರು ರೂಪಾಯಿಗೆ ಅರ್ಡುಯಿನೋ ಸಿಗತೈತಲ್ಲ ಅಂತ ಹಾವೇರಿ ತಂಗಿ ಗಂಡ ಕೇಳಿದ್ರು. ಸಿಗತೈತಿ. ಅದರ ಸಾದಾ ಮಾಡೆಲ್ಲಿನ್ಯಾಗ 1024 ಮೆಟ್ಟಲು, ಆರು ಬಾಯಿ. ನಮ್ಮದರಾಗ 4096, ಹದಿನಾರು. ಆದ್ರ ನಾ ಹಳೇದಕ್ಕ ಪೂಜಿ ಮಾಡಾಕಿ ಅಲ್ಲ. ನಮಗ ಸಿಕ್ಕಿದ್ದು ಇದು, ಕೆಟ್ಟಿಲ್ಲ, ಅದರ ಪುಸ್ತಕದಾಗ ಯಾವ ಮೊಳಿಗೆ ಏನು ಬರತೈತಿ ಅಂತ ಒಂದೊಂದೂ ಬರದಾರ. ನಿಮಗ ಅರ್ಡುಯಿನೋ ಸಿಕ್ರ ಅದನ್ನ ಹಚ್ಚರಿ, ಪೈಪು, ಕಲ್ಲು, ತಕ್ಕಡಿ ಇವ ಸಾಕು. ಕರೆಂಟಿನ ಬಿಲ್ ಅಂದವರಿಗೆ: ಆ ಕಂಪ್ಯೂಟರ್ ರಾತ್ರಿ ಹತ್ತು ತಾಸು ಹಚ್ಚಿಟ್ರೂ ಒಂದು ಯುನಿಟ್ಟಿನ ಆಸುಪಾಸು. ನಿಮ್ಮ ಫ್ರಿಜ್ಜಿಗೆ ಯಾರೂ ಲೆಕ್ಕ ಕೇಳಂಗಿಲ್ಲ.

ಒಂದು ಎಚ್ಚರಿಕಿ ಮಾತ್ರ ಗಟ್ಟಿಯಾಗಿ ಹೇಳತೀನಿ. ಹಳೇ ಕಂಪ್ಯೂಟರಿನ ಹಿಂದ ಅರ್ಥಿಂಗ್ ಇರೋ ಮೂರು ಮೊಳಿ ಪ್ಲಗ್ಗ ಬೇಕು, ಇಲ್ಲಂದ್ರ ಡಬ್ಬಿ ಮುಟ್ಟಿದ್ರ ಚುರುಕ್ ಅಂತೈತಿ. ಕಾಯಿಗೆ ಹೋಗೋದು ಬ್ಯಾಟರಿ ಕರೆಂಟು ಅಷ್ಟ, ಗ್ವಾಡಿ ಕರೆಂಟು ಎಂದೂ ಕಾಯಿ ಕಡಿ ಬರಬಾರದು. ಮತ್ತ ಖಾರ ಹತ್ತಿದ ಕೈ ಕೀಬೋರ್ಡಿಗೆ ಹಚ್ಚಬ್ಯಾಡ್ರಿ. ತಂಗಿ ಮಗಳು ಅದ ಕೈ ಕಣ್ಣಿಗೆ ಹಚ್ಚಿಕೊಂಡು ಒಂದು ತಾಸು ಅತ್ತಾಳ.

ವೈನಿ, ಬರೋ ರವಿವಾರ ನೀವು ಬರತೀರಲ್ಲ, ಬರೋವಾಗ ನಿಮ್ಮ ಕಾಯಿ ಒಂದು ಪಾವುಕೆಜಿ ತರ್ರಿ. ತಾಡಪತ್ರಿ ನಡುವಿನದು ಒಂದು ಪೊಟ್ಟಣ, ಅಂಚಿನದು ಇನ್ನೊಂದು, ಎರಡೂ ಪ್ಲಾಸ್ಟಿಕ್ ಚೀಲದಾಗ ಬಿಗಿ ಗಂಟು ಹಾಕಿ, ಬಸ್ಸಿನ್ಯಾಗ ಗಾಳಿ ಹತ್ತಬಾರದು. ಮೊದಲ ನೀವು ಕೈಯಾಗ ಹಿಡದು ಒಂದು ಚೀಟಿ ಮ್ಯಾಲ ನಿಮ್ಮ ಅಂದಾಜು ಬರೀರಿ. ಆಮ್ಯಾಲ ಪೈಪಿಗೆ ತುಂಬೂಣು, ಒಲಿಗೆ ಇಡೂಣು. ಓಟಿಜಿಗೆ ನಾಕೈದು ತಾಸು ಬೇಕು, ಅಷ್ಟರಾಗ ಊಟ ಆಗತೈತಿ.